ಸೈಕಲ್ಲು ದ್ವೀಪ ಮುಟ್ಟಿತು

ಹಾಮೋಚಿ, ಸಾದೊ ದ್ವೀಪ
ಜೂನ್ ೧೪, ಶುಕ್ರವಾರ ಬೆಳಿಗ್ಗೆ

ಪ್ರೀತಿಯ ತಾಕಿ ಅಕ್ಕಾ,

ತೊಡೆಯ ನೋವು ಹೇಗಿದೆ? ಹೊಲಿಗೆ ಹಾಕಿದ ಜಾಗ ಪೂರ್ತಿ ಒಣಗಿದೆ, ಜ್ವರವಿಲ್ಲ ಎಂದು ಭಾವ ಹೇಳಿದರು. ನಿದ್ದೆ ಬರುತ್ತಿದೆಯಾ? ಆಸ್ಪತ್ರೆಯ ಗಂಜಿಗೆ ಉಪ್ಪಿಲ್ಲ ಎಂದು ತಟ್ಟೆ ವಾಪಸ್ ಕಳಿಸಿದೆಯಂತೆ. ಅಷ್ಟು ಸಿಟ್ಟು ಇನ್ನೂ ಇದೆ ಎಂದು ಕೇಳಿ ನನಗಂತೂ ಸಮಾಧಾನವಾಯಿತು. ಮಳೆಗಾಲ ಶುರುವಾಗಿದೆ. ನಿನ್ನ ತೋಟದ ಪರ್ಸಿಮನ್ ಮರಗಳಲ್ಲಿ ಹೂ ಉದುರಿ ಹೆಬ್ಬೆರಳಿನಷ್ಟು ಕಾಯಿ ನಿಂತಿವೆ. ಈ ವರ್ಷ ಫಸಲು ಚೆನ್ನಾಗಿದೆ, ಕಾಯಿ ಬಿಡಿಸುವ ಹೊತ್ತಿಗೆ ನೀನು ಬಂದರೆ ಸಾಕು ಎನ್ನುತ್ತಾರೆ ಗೆನ್‌ಸಾಕು ಭಾವ.

ನಿನ್ನ ತೋಟದ ಸುದ್ದಿ ನಮ್ಮೂರು ಕಿರ್ಯೂವಿನಲ್ಲಿ ಕೂತ ನನಗೆ ಹೇಗೆ ಗೊತ್ತಾಯಿತು ಎಂದು ಹುಬ್ಬು ಗಂಟಿಕ್ಕಿದ್ದೀಯಲ್ಲವೇ? ಹಾಗಾದರೆ ಕಾಗದದ ಮೇಲ್ತುದಿಯಲ್ಲಿರುವ ಊರಿನ ಹೆಸರನ್ನು ಇನ್ನೊಮ್ಮೆ ಓದು. ನಾನು ನಿನ್ನ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬಾಗಿಲಾಚೆ, ಸೌದೆ ಒಟ್ಟಿದ ಗೋಡೆಗೆ ಒರಗಿ, ನಿನ್ನ ಹಸಿರು ಸೈಕಲ್ಲು ನಿಂತಿದೆ.

ಏಪ್ರಿಲ್‌ನಲ್ಲಿ ನೀನು ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡೆ. ಮೂಳೆ ಕೂಡಿತು, ಆದರೆ ನೀನು ಏಳಲಿಲ್ಲ. ವ್ಯಾಯಾಮ ಮಾಡಿಸುವ ಹುಡುಗಿ ಬಂದರೆ ಗೋಡೆಯ ಕಡೆ ತಿರುಗಿ ಮಲಗುತ್ತೀಯ, 'ನಾಳೆ ನೋಡೋಣ' ಅನ್ನುತ್ತೀಯ ಎಂದು ಭಾವ ಫೋನಿನಲ್ಲಿ ಹೇಳಿದರು. ಹೀಗೇ ಮಲಗಿದರೆ ಕಾಲು ಶಾಶ್ವತವಾಗಿ ಬಿಗಿದುಕೊಳ್ಳುತ್ತದೆ, ಮುಂದಿನ ಬುಧವಾರದೊಳಗೆ ನಡೆಯಲು ಶುರು ಮಾಡದಿದ್ದರೆ ಆರೈಕೆ ಕೇಂದ್ರಕ್ಕೆ ಕಳಿಸಬೇಕಾಗುತ್ತದೆ ಎಂದು ಡಾಕ್ಟರು ಈಗ ಹೇಳಿದ್ದಾರೆ. ಕಳೆದ ತಿಂಗಳೇ ನಾನು ಫೋನು ಮಾಡಿ ಬೈದೆ, ಬೇಡಿಕೊಂಡೆ. ಕೊನೆಗೆ ಬಾಯಿಗೆ ಬಂದದ್ದು ಹೇಳಿದೆ: 'ನಿನ್ನ ಸೈಕಲ್ ಇನ್ನೂ ನಮ್ಮ ಪೇಪರ್ ಅಂಗಡಿಯ ಹಿಂದೆ ಇದೆ. ಅದನ್ನ ತಂದು ನಿನ್ನ ಮುಂದೆ ನಿಲ್ಲಿಸ್ತೀನಿ.' ನೀನು ನಕ್ಕೆ. ಬಿದ್ದ ಮೇಲೆ ನೀನು ನಕ್ಕದ್ದು ಅದೇ ಮೊದಲು. 'ನೀನಾ? ಊರಿನ ಪುಟ್ಟ ರೈಲು ಬಿಟ್ಟು ಆಚೆ ಸೈಕಲ್ ತಗೊಂಡು ಹೋಗಿ ಗೊತ್ತೇನೆ ನಿಂಗೆ? ಊಟದ ಹೊತ್ತಿಗೆ ಮನೇಲಿರ್ತೀಯ, ಬಿಡು. ನೀನು ಅದನ್ನ ದ್ವೀಪಕ್ಕೆ ತಂದ ದಿನ ನಾನು ಎದ್ದು ನಡೀತೀನಿ.' ಮಾತು ಮುಗಿಸಲೆಂದೇ ನೀನು ಹಾಗೆ ಹೇಳಿದೆ, ಗೊತ್ತು. ಆದರೆ ಹೇಳಿದೆ. ನಮ್ಮ ಯಜಮಾನರು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದಾರೆ, ಸಾಕ್ಷಿ ಇದೆ.

ನೀನು ಹೇಳಿದ್ದು ಒಂದು ಸಲ ನಿಜವೂ ಆಯಿತು. ಅದನ್ನು ನಿನಗೆ ಹೇಳಿರಲಿಲ್ಲ. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಪೇಪರ್ ಹಂಚಿ ಮುಗಿಸಿ, ಸೈಕಲ್ಲಿಗೆ ಗಾಳಿ ಹೊಡೆದು, ನಮ್ಮ ಪುಟ್ಟ ರೈಲಿಗೆ ಎಂದಿನಂತೆ ತಳ್ಳಿಕೊಂಡೇ ಹತ್ತಿದೆ. ನಮಗೆ ಅದರಲ್ಲೇನು ವಿಶೇಷ? ತರಕಾರಿ ತರಲು ಹೋಗುವವರು, ಶಾಲೆಯ ಹುಡುಗಿಯರು, ಹಲ್ಲಿನ ಡಾಕ್ಟರರ ಬಳಿ ಹೋಗುವ ಮುದುಕರು, ಎಲ್ಲರ ಸೈಕಲ್ಲುಗಳೂ ಸೀಟುಗಳ ನಡುವೆ ಅವರವರ ಮೊಣಕಾಲಿಗೆ ಒರಗಿ ಪ್ರಯಾಣ ಮಾಡುತ್ತವೆ. ಮಾಯೆಬಾಶಿಯಲ್ಲಿ ಇಳಿದು ದೊಡ್ಡ ರೈಲಿನ ನಿಲ್ದಾಣಕ್ಕೆ ಹೋಗಿ ಅದೇ ಧಾಟಿಯಲ್ಲಿ ಟಿಕೆಟ್ ಗೇಟಿಗೆ ಮುಂದಿನ ಚಕ್ರ ನುಗ್ಗಿಸಿದೆ. ಗೇಟು ಠಪ್ ಎಂದು ಮುಚ್ಚಿ ಚಕ್ರ ಸಿಕ್ಕಿಕೊಂಡಿತು. ಹಿಂದೆ ಆಫೀಸಿಗೆ ಹೊರಟವರ ಸಾಲು. ನಿಲ್ದಾಣದ ಹುಡುಗ ಓಡಿಬಂದು ಸೊಂಟ ಬಗ್ಗಿಸಿ, 'ತಾವು ಪುಟ್ಟ ರೈಲಿನ ಕಡೆಯವರಾ?' ಎಂದ. ಹೇಗೆ ಗೊತ್ತಾಯಿತು ಎಂದು ಕೇಳಿದೆ. 'ಆ ಕಡೆಯವರು ಮಾತ್ರ ಹೀಗೆ ಬರ್ತಾರೆ ಅಮ್ಮಾ. ಇಲ್ಲಿ ಸೈಕಲ್ಲನ್ನ ಬಿಚ್ಚಿ ಚೀಲಕ್ಕೆ ಹಾಕ್ಬೇಕು. ಒಂದಿಷ್ಟೂ ಹೊರಗೆ ಕಾಣೋ ಹಾಗಿಲ್ಲ.' ನನ್ನ ಬಳಿ ಚೀಲವಿರಲಿಲ್ಲ. ಊಟದ ಹೊತ್ತಿಗೆ ಮನೆಯಲ್ಲಿದ್ದೆ. ಯಜಮಾನರು ಏನೂ ಕೇಳದೆ ನನ್ನ ಪಾಲಿನ ಉದೊನ್ ಶಾವಿಗೆ ಬಿಸಿ ಮಾಡಿಕೊಟ್ಟರು. ಕೇಳಿದ್ದರೇ ವಾಸಿಯಿತ್ತು.

ಆಮೇಲೆ ಅಟ್ಟದ ಪೆಟ್ಟಿಗೆಗಳನ್ನೆಲ್ಲ ಕೆದಕಿದೆ. ಅಲ್ಲಿ ಸಿಕ್ಕಿತು, ಅಮ್ಮ ಹೊಲಿದುಕೊಟ್ಟ ನಿನ್ನ ಚೀಲ. ಮಗ್ಗದ ಮೇಲೆ ಹೊದಿಸುತ್ತಿದ್ದ ನೀಲಿ ದಪ್ಪ ಬಟ್ಟೆಯದು. ಇಪ್ಪತ್ತೆರಡನೇ ವಯಸ್ಸಿನಲ್ಲಿ ನೇಯ್ಗೆ ಮಿಲ್ಲಿನ ಮೊದಲ ಸಂಬಳದ ಸೈಕಲ್ಲನ್ನು ಅದೇ ಚೀಲಕ್ಕೆ ಹಾಕಿ ಒಬ್ಬಳೇ ಈ ದ್ವೀಪಕ್ಕೆ ಬಂದವಳು ನೀನು. ತಿರುಗಿ ಊರಿಗೆ ಬಂದು, ಆಮೇಲೆ ಮದುವೆಯಾಗಿ ಇಲ್ಲಿಗೆ ಹೊರಟಾಗ ಸೈಕಲ್ಲನ್ನೂ ಚೀಲವನ್ನೂ ನಮ್ಮಲ್ಲೇ ಬಿಟ್ಟೆ. ನೀನು ಆ ಮೊದಲ ಸಲ ಹೊರಟಾಗ ನಾನು ಪುಟ್ಟ ರೈಲಿನ ನಿಲ್ದಾಣದ ತನಕ ಬಂದು ಕೈ ಬೀಸಿದ್ದೆ, ಅಷ್ಟೇ. ಅಲ್ಲಿಂದಾಚೆಗೆ ಏನೇನು ಮಾಡಬೇಕು ಎಂದು ಕೇಳಲು ನನಗೆ ಹೊಳೆಯಲೇ ಇಲ್ಲ. ಈಗ ಅಂಗಡಿಯ ಹಿಂದೆ ದಿನಾ ಅಭ್ಯಾಸ ಮಾಡಿದೆ. ಮೊದಮೊದಲು ಮುಂದಿನ ಚಕ್ರ ಬಿಚ್ಚುವುದೇ ಸಾಹಸವಾಗಿತ್ತು. ಆಮೇಲೆ ಹಿಂದಿನದೂ ಬಂತು. ಸರಪಳಿಯ ಎಣ್ಣೆ ಮೊಣಕೈ ತನಕ. ಪೇಪರ್ ಹಂಚುವ ಹುಡುಗಿಯರು 'ನಮ್ಮ ಓನರಮ್ಮ ಸೈಕಲ್ ಶಾಪ್ ಇಡ್ತಾರಂತೆ' ಎಂದು ತಮಾಷೆ ಮಾಡಿಕೊಂಡರು.

ನಿನ್ನೆ ಹೊರಟೆ. ಮಾಯೆಬಾಶಿ ನಿಲ್ದಾಣದ ಮೂಲೆಯಲ್ಲಿ ಸೈಕಲ್ಲು ಬಿಚ್ಚಿ ಚೀಲಕ್ಕೆ ತುಂಬಿ, ಪಟ್ಟಿ ಹೆಗಲಿಗೇರಿಸಿ, ಗೇಟಿನ ಮುಂದೆ ನಿಂತೆ. ಅದೇ ಹುಡುಗ. ನನ್ನ ಗುರುತು ಹಿಡಿದ. ಮುಖ ಅರಳಿತು, ತಕ್ಷಣ ಸಪ್ಪಗಾಯಿತು. 'ಅಮ್ಮಾ, ತುಂಬಾ ಚೆನ್ನಾಗಿ ಕಟ್ಟಿದೀರಿ. ಆದ್ರೆ ಸೀಟು ಇಣುಕ್ತಿದೆ.' ತಿರುಗಿ ನೋಡಿದೆ. ಚೀಲದ ಬಾಯಿಯ ದಾರ ಲಡ್ಡಾಗಿ ಕಿತ್ತುಬಂದಿತ್ತು, ನಿನ್ನ ಚರ್ಮದ ಸೀಟಿನ ಮೂಗು ಹೊರಗೆ ಬಂದು ಲೋಕ ನೋಡುತ್ತಿತ್ತು. ರೈಲು ಬರುವ ಪ್ರಕಟಣೆ ಆಯಿತು. ಸಾದೊದಲ್ಲಿ ಭಾವನಿಗೆ ಅಡುಗೆ ಮಾಡಿ ಹಾಕೋಣವೆಂದು ಕೈಚೀಲದಲ್ಲಿ ನನ್ನ ಉದ್ದ ತೋಳಿರುವ ಏಪ್ರನ್ ಇಟ್ಟುಕೊಂಡಿದ್ದೆ. ಅದನ್ನು ಸೀಟಿಗೆ ತೊಡಿಸಿ, ಎರಡು ತೋಳನ್ನೂ ಅದರ ಕತ್ತಿಗೆ ಸುತ್ತಿ ಗಂಟು ಹಾಕಿದೆ. ಹುಡುಗ ಸುತ್ತ ಒಂದು ಪ್ರದಕ್ಷಿಣೆ ಬಂದು ಗಂಭೀರವಾಗಿ, 'ಈಗ ಏನೂ ಕಾಣ್ತಿಲ್ಲ. ಒಬ್ಬ ಅಜ್ಜಿ ಮಾತ್ರ ಕಾಣ್ತಿದಾರೆ' ಎಂದ. ಅದು ಚೀಲಕ್ಕೆ ಹೇಳಿದ್ದೋ ನನಗೆ ಹೇಳಿದ್ದೋ ವಿಚಾರಿಸಲು ಸಮಯವಿರಲಿಲ್ಲ. ಗೇಟು ದಾಟಿದೆ. ಅಕ್ಕಾ, ಆ ಗೇಟು ನನ್ನ ಹಿಂದೆ ಮುಚ್ಚಿದ ಸದ್ದು ಎಷ್ಟು ಚೆನ್ನಾಗಿತ್ತು ಎಂದು ನಿನಗೆ ಹೇಗೆ ಹೇಳಲಿ.

ಬುಲೆಟ್ ರೈಲಿನಲ್ಲಿ ಹೋಗು ಎಂದು ಯಜಮಾನರು ಹೇಳಿದ್ದರು. ಅದರಲ್ಲಿ ಬೋಗಿಯ ಕೊನೆಯ ಸೀಟಿನ ಹಿಂದೆ ಜಾಗ ಸಿಗದಿದ್ದರೆ ಚೀಲವನ್ನು ತಲೆಯ ಮೇಲೆ ಹೊರಬೇಕು. ಅದಕ್ಕೇ ನಿಧಾನದ ರೈಲು ಹಿಡಿದೆ. ತಾಕಾಸಾಕಿಯಲ್ಲಿ ರೈಲು ಬದಲಿಸಿ ಮಿನಾಕಾಮಿ ತಲುಪಿದಾಗ ಗೊತ್ತಾಯಿತು, ರಾತ್ರಿಯ ಮಳೆಗೆ ಮುಂದೆ ಹಳಿಯ ಮೇಲೆ ಮಣ್ಣು ಕುಸಿದಿದೆ, ಗುಡ್ಡದಾಚೆಯ ಯುಜಾವಾ ತನಕ ಬಸ್ಸು ಬಿಟ್ಟಿದ್ದಾರೆ ಎಂದು. ಅದು ದೂರದೂರಿಗೆ ಹೋಗುವಂಥ ದೊಡ್ಡ ಬಸ್ಸು, ಸಾಮಾನಿಗೆ ಕೆಳಗೆ ಹೊಟ್ಟೆ ಇರುವಂಥದ್ದು. ನಾನು ಸಾಲಿನಲ್ಲಿ ನಿಂತು, ನನ್ನ ಸರದಿ ಬಂದಾಗ, ಬಾಯಿಗೆ ರೂಢಿಯಾದ ಹಾಗೆ ತಲೆ ಬಾಗಿಸಿ ಮೊದಲೇ ಕ್ಷಮೆ ಕೇಳಿದೆ: 'ತೊಂದರೆ ಕೊಡ್ತಿದೀನಿ, ಇದರಲ್ಲಿ ಸೈಕಲ್ ಇದೆ.'

ಡ್ರೈವರು ಐವತ್ತು ದಾಟಿದ ದಪ್ಪನೆಯ ಮನುಷ್ಯ, ಬಿಳಿ ಕೈಗವಸು. 'ಸೈಕಲ್ಲಾ? ಬಸ್ಸಿಗೆ ಸೈಕಲ್ ಹತ್ತಿಸೋ ಹಾಗಿಲ್ಲಮ್ಮ.'

'ಚೀಲದಲ್ಲಿದೆಯಲ್ಲ. ಏನೂ ಕಾಣ್ತಿಲ್ಲ.'

'ಕಾಣ್ತಿರಲಿಲ್ಲ, ನಿಜ. ನೀವು ಹೇಳಿಬಿಟ್ರಿ. ಹೇಳಿದ ಮೇಲೆ ನಾನು ಕೇಳಿಲ್ಲ ಅನ್ನೋಕಾಗತ್ತಾ?'

ಕ್ಷಮೆ ಕೇಳಿ ಕೆಲಸ ಕೆಡಿಸಿಕೊಳ್ಳುವುದು ಎಂದರೆ ಇದು. ಮುಂದಿನ ಬಸ್ಸು ಯಾವಾಗ ಎಂದರೆ ಅವರಿಗೂ ಗೊತ್ತಿಲ್ಲ. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ತಾಕಾಸಾಕಿಗೆ ವಾಪಸ್ ಹೋಗುವ ರೈಲು ಬಾಗಿಲು ತೆರೆದು ನಿಂತಿತ್ತು. ಹತ್ತಿದ್ದರೆ ಊಟದ ಹೊತ್ತಿಗೆ ಮನೆ. ಅಕ್ಕಾ, ನಿನ್ನ ದನಿ ಕಿವಿಯಲ್ಲಿ ಅಷ್ಟು ಸ್ಪಷ್ಟವಾಗಿ ಕೇಳಿಸಿತು ಎಂದರೆ ಅಲ್ಲೇ ನಿಂತು ನಿನಗೆ ಉತ್ತರ ಕೊಟ್ಟೆನೋ ಏನೋ, ಪಕ್ಕದವರು ತಿರುಗಿ ನೋಡಿದರು.

ನಾನು ಡ್ರೈವರನ್ನು ಕೇಳಿದೆ: 'ಚಳಿಗಾಲದಲ್ಲಿ ಈ ದಾರೀಲಿ ಹಿಮದ ಮೇಲೆ ಜಾರೋಕೆ ಬರ್ತಾರಲ್ಲ, ಅವರ ಸ್ಕೀ ಹಲಗೆ ಎಲ್ಲಿ ಇಡ್ತೀರಿ?'

'ಈ ಹೊಟ್ಟೇಲೇ. ಅದು ಸಾಮಾನು. ಚಪ್ಪಟೆ ಇರತ್ತೆ, ಬೇರೆಯವರ ಪೆಟ್ಟಿಗೆ ಕೆಡಿಸಲ್ಲ. ನಿಮ್ಮದು ನೋಡಿ, ಎಮ್ಮೆ ಮಲಗಿದ ಹಾಗಿದೆ.'

'ಚಪ್ಪಟೆ ಮಾಡಿದ್ರೆ?'

ಅವರು ಗಡಿಯಾರ ನೋಡಿದರು. 'ನಾನು ತಲೆ ಎಣಿಸಿ ಮುಗಿಸೋ ಹೊತ್ತಿಗೆ ಆದ್ರೆ ನೋಡೋಣ.'

ಅಲ್ಲೇ, ಜಿನುಗುವ ಮಳೆಯಲ್ಲಿ, ಚೀಲ ಹಾಸಿ ಕೂತೆ. ಬೆಳಿಗ್ಗೆ ಮುಂದಿನ ಚಕ್ರ ಮಾತ್ರ ಬಿಚ್ಚಿದ್ದೆ. ಈಗ ಹಿಂದಿನದನ್ನೂ ಬಿಚ್ಚಿದೆ. ಹ್ಯಾಂಡಲ್ ಸಡಿಲ ಮಾಡಿ ಅಡ್ಡ ತಿರುಗಿಸಿದೆ. ಪೆಡಲ್ ಎರಡನ್ನೂ ಕಿತ್ತು ಕೈಚೀಲಕ್ಕೆ ಹಾಕಿದೆ, ಅನ್ನದ ಉಂಡೆಗಳ ಪಕ್ಕಕ್ಕೆ. ಬಸ್ಸಿನ ಕಿಟಕಿಗಳಲ್ಲೆಲ್ಲ ಮುಖಗಳು. ಬಾಗಿಲ ಬಳಿಯ ಸೀಟಿನಲ್ಲಿದ್ದ ಒಬ್ಬ ಅಜ್ಜಿ ತಲೆ ಹೊರಹಾಕಿ, 'ಬೇಗ ಬೇಗ! ಡ್ರೈವರಪ್ಪ ಅರ್ಧ ಬಸ್ಸು ಎಣಿಸಿಬಿಟ್ಟ' ಎಂದಳು. ಆಮೇಲೆ ಒಳಕ್ಕೆ ತಿರುಗಿ, 'ಏನಪ್ಪಾ, ನನ್ನನ್ನ ಎಣಿಸಿದೆಯಾ? ಇನ್ನೊಂದು ಸಲ ಎಣಿಸು, ನಾನು ಆಗ ಬಗ್ಗಿ ಕೂತಿದ್ದೆ' ಎಂದಳು. ಒಳಗೆ ನಗು. ಡ್ರೈವರು ಪಾಪ, ಮೊದಲಿನಿಂದ ಎಣಿಸಿದರು. ನಾನು ಚಕ್ರಗಳನ್ನು ಫ್ರೇಮಿನ ಆಚೆ ಈಚೆ ಒಂದೊಂದು ಇಟ್ಟು, ಪಟ್ಟಿ ಬಿಗಿದು, ಸೀಟಿಗೆ ಮತ್ತೆ ಏಪ್ರನ್ ತೊಡಿಸಿ ಎದ್ದು ನಿಂತೆ. ಕೈ ಎರಡೂ ಕಪ್ಪು. ಅವರು ಇಳಿದು ಬಂದು ಚೀಲದ ಮೇಲೆ ಕೈಗವಸಿನ ಕೈ ಆಡಿಸಿ ನೋಡಿದರು. ಬಿಳಿ ಬಿಳಿಯಾಗೇ ಇತ್ತು.

'ಹಾಕಿ. ಇದು ಸೈಕಲ್ ಅಲ್ಲ, ಸಾಮಾನು' ಎಂದರು. ಹೊಟ್ಟೆಯ ಬಾಗಿಲು ತಾವೇ ಎತ್ತಿ ಹಿಡಿದರು. ನಾನು ಹತ್ತಿದಾಗ ಯಾರೋ ಚಪ್ಪಾಳೆ ತಟ್ಟಿದರು. ಆ ಅಜ್ಜಿ ಪಕ್ಕದ ಸೀಟು ತಟ್ಟಿ ತೋರಿಸಿ, 'ಯಾರ ಹತ್ರ ಪಂದ್ಯ ಕಟ್ಟಿದೀಯಾ?' ಎಂದಳು. ಅಕ್ಕನ ಹತ್ರ ಎಂದೆ. 'ಹಾಗಾದ್ರೆ ಗೆಲ್ಲಲೇಬೇಕು' ಎಂದಳು. ಉಪ್ಪಿನಲ್ಲಿಟ್ಟ ಹುಳಿ ಉಮೆ ಕಾಯಿ ತುಂಬಿದ ಅನ್ನದ ಉಂಡೆಯೊಂದನ್ನು ಕೊಟ್ಟೆ. ಸ್ವಲ್ಪ ಎಣ್ಣೆಯ ವಾಸನೆ ಬರುತ್ತಿತ್ತು, ಆದರೂ ತಿಂದಳು.

ಉಳಿದದ್ದು ಸಲೀಸು. ಯುಜಾವಾದಿಂದ ರೈಲು, ನಾಗಾವೊಕಾದಲ್ಲಿ ಇನ್ನೊಂದು, ಆಮೇಲೆ ನೀಗಾತಾ. ನಿಲ್ದಾಣದ ಮುಂದೆ ಸೈಕಲ್ಲು ಜೋಡಿಸಿ ಬಂದರಿನ ತನಕ ತುಳಿದೆ. ಮಳೆ ನಿಂತಿತ್ತು. ಹಡಗಿಗೆ ಕಾರುಗಳ ಜೊತೆಯಲ್ಲೇ ಸೈಕಲ್ಲು ತಳ್ಳಿಕೊಂಡು ಹೋದೆ, ಚೀಲ ಗೀಲ ಏನೂ ಬೇಕಾಗಲಿಲ್ಲ. ನಮ್ಮ ಪುಟ್ಟ ರೈಲಿನ ಹಾಗೆಯೇ. ಹಡಗಿನವನು ಹಗ್ಗದಿಂದ ಅದನ್ನು ಕಟ್ಟುತ್ತಾ, 'ಹಳೇ ಮಾಲು, ಇಂಥದ್ದು ಈಗ ಸಿಗಲ್ಲ' ಎಂದಾಗ ನಾನೇ ಅದನ್ನು ತಯಾರಿಸಿದವಳ ಹಾಗೆ ಬೀಗಿದೆ.

ರ್ಯೋತ್ಸು ಬಂದರಿನಲ್ಲಿ ಇನ್ನೂ ಬೆಳಕಿತ್ತು. ಭಾವ ತಮ್ಮ ಚಿಕ್ಕ ಟ್ರಕ್ಕಿನ ಪಕ್ಕ ನಿಂತಿದ್ದರು. ಸೈಕಲ್ ತರುತ್ತೇನೆಂದು ಅವರಿಗೆ ಹೇಳಿರಲಿಲ್ಲ. ಹಡಗಿನ ಹೊಟ್ಟೆಯಿಂದ ಕಾರುಗಳ ಹಿಂದೆ ನಾನು ಅದನ್ನು ತುಳಿದುಕೊಂಡು, ಗಂಟೆ ಬಾರಿಸುತ್ತಾ ಹೊರಬಂದೆ. ಅವರು ನನ್ನನ್ನು ನೋಡಲೇ ಇಲ್ಲ. ಸೈಕಲ್ಲನ್ನೇ ನೋಡಿದರು. 'ತಾಕಿ' ಎಂದರು, ಅಷ್ಟೇ. ಆಮೇಲೆ ಟವೆಲ್ ತೆಗೆದು ಮುಖ ಒರೆಸಿಕೊಂಡರು, ಬೆವರು ಎಂದರು. ನೀನು ಮೊದಲ ಸಲ ಇಳಿದಾಗಲೂ ಅವರು ಅಲ್ಲೇ ನಿಂತು ಹಣ್ಣಿನ ಪೆಟ್ಟಿಗೆ ಇಳಿಸುತ್ತಿದ್ದರಂತೆ. ದಾರಿ ಕೇಳಿದ್ದು ನೀನಂತೆ. ತಪ್ಪು ದಾರಿ ಹೇಳಿ, ಆಮೇಲೆ ಸರಿಪಡಿಸಲು ಹಿಂದೆ ಓಡಿಬಂದದ್ದು ತಾವಂತೆ. ಇಷ್ಟು ವರ್ಷ ಇದನ್ನು ನನಗೆ ನೀವಿಬ್ಬರೂ ಹೇಳಲಿಲ್ಲವಲ್ಲ!

ರಾತ್ರಿ ಭಾವನಿಗೆ ನಮ್ಮೂರಿನ ಅಗಲ ಪಟ್ಟಿಯ ಉದೊನ್ ಮಾಡಿ ಬಡಿಸಿದೆ. ಏಪ್ರನ್ನಿಗೆ ಗ್ರೀಸಿನ ಕಲೆ ಆಗಿದೆ, ಹೋಗುವುದಿಲ್ಲ, ಹೋಗುವುದೂ ಬೇಡ. ಊರಿನಲ್ಲಿ ಎಲ್ಲರೂ ಕ್ಷೇಮ. ಯಜಮಾನರು ನಿನಗೆ ನಮಸ್ಕಾರ ಹೇಳಿದ್ದಾರೆ. ನಿನಗೆ ಬೇಗ ಗುಣವಾಗಲಿ ಎಂದು ನಾನು ಬರೆಯುವುದಿಲ್ಲ, ಅದು ಈಗ ನಿನ್ನ ಕೈಯಲ್ಲೇ ಇದೆ. ಅಮ್ಮನ ಆಶೀರ್ವಾದ ಹೇಗೂ ಚೀಲದ ಹೊಲಿಗೆಯಲ್ಲಿದೆ.

ಇಂತು ನಿನ್ನ ತಂಗಿ,
ಸಾವಾಕೊ

ಮರೆತೆ: ಈ ಕಾಗದವನ್ನು ಒಗೆದ ಬಟ್ಟೆಯ ಜೊತೆ ಭಾವ ನಿನ್ನ ಕೈಗೆ ಕೊಡುತ್ತಾರೆ. ನೀನು ಇದನ್ನು ಓದಿ ಮುಗಿಸುವಾಗ ನಾನು ಆಸ್ಪತ್ರೆಯ ಅಂಗಳದಲ್ಲಿ, ನಿನ್ನ ಕಿಟಕಿಯ ಕೆಳಗೇ ಇರುತ್ತೇನೆ. ಗಂಟೆ ಬಾರಿಸುತ್ತೇನೆ, ಕೇಳಿಸುತ್ತದೆ. ಮೇಲಕ್ಕೆ ಮಾತ್ರ ಬರುವುದಿಲ್ಲ. ರೈಲು, ಬಸ್ಸು, ಹಡಗು ನನ್ನ ಪಾಲಿನದಾಗಿತ್ತು, ಮುಗಿಸಿದ್ದೇನೆ. ನಿನ್ನ ಹಾಸಿಗೆಯಿಂದ ಲಿಫ್ಟಿನ ತನಕ, ಲಿಫ್ಟಿನಿಂದ ಅಂಗಳದ ತನಕ ನಿನ್ನ ಪಾಲಿನದು. ವ್ಯಾಯಾಮದ ಹುಡುಗಿ ಬಾಗಿಲ ಹೊರಗೆ ನಿಂತಿರುತ್ತಾಳೆ, ಅವಳಿಗೆ ಫೋನಿನಲ್ಲಿ ಎಲ್ಲ ಹೇಳಿದ್ದೇವೆ. ಗಾಲಿಕುರ್ಚಿಯಲ್ಲಿ ಬಂದರೆ ಒಪ್ಪುವುದಿಲ್ಲ, ಅವಳ ತೋಳು ಹಿಡಿದು ಬಂದರೆ ಒಪ್ಪುತ್ತೇನೆ. ನಿಧಾನವಾಗಿ ಬಾ. ಸೈಕಲ್ಲಿನ ಸೀಟು ನಿನ್ನ ಎತ್ತರಕ್ಕೇ ಇದೆ, ನಾನು ಬದಲಿಸಿಲ್ಲ. ನಿನ್ನೆ ದಾರಿಯುದ್ದಕ್ಕೂ ನನ್ನ ಕಾಲು ನೆಲಕ್ಕೆ ಎಟುಕಲೇ ಇಲ್ಲ.