ಕನ್ನಡಕಕ್ಕೆ ಬಿದ್ದ ಒದೆ

ಅತ್ತೆಯವರಿಗೆ, ನಿಮ್ಮ ಇಲಿ ಡಾಕ್ಟರಮ್ಮನ ನಮಸ್ಕಾರ.

"ಊರವರೆಲ್ಲ ಇಲಿ ಸಾಯ್ಲಿ ಅಂತ ಮದ್ದಿಡ್ತಾರೆ, ನಮ್ಮ ಸೊಸೆ ಬದುಕ್ಲಿ ಅಂತ ಕೊಡ್ತಾಳೆ" ಎಂದು ನಗುತ್ತಿದ್ದಿರಲ್ಲ, ಇಲಿಗಳ ಮೇಲೆ ಪರೀಕ್ಷಿಸಿದ ಅದೇ ಜೀನ್ ಮದ್ದನ್ನು ಇಲ್ಲಿಯ ಆಸ್ಪತ್ರೆಯಲ್ಲಿ ಒಬ್ಬ ಪುಟ್ಟ ಹುಡುಗನಿಗೆ ಕೊಟ್ಟಿದ್ದೆವು. ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆ, ಕಾಲನ್ನೇ ಎತ್ತುತ್ತಿರಲಿಲ್ಲ. ಇವತ್ತು ಪಾದ ಮುಟ್ಟಿ ನೋಡಲು ಬಗ್ಗಿದೆ. ಜಾಡಿಸಿ ಒದ್ದ ನೋಡಿ, ನನ್ನ ಕನ್ನಡಕ ಹಾರಿ ಬಿದ್ದು ಎರಡು ತುಂಡಾಯಿತು.

"ಡಾಕ್ಟರಮ್ಮಂಗೆ ಒದೀತಾರೇನೋ?" ಎಂದು ಅವನ ಅಜ್ಜಿ ಗದರಿದರು. ಗದರಿದವರು ಅಲ್ಲೇ ಕುಳಿತು ಅತ್ತುಬಿಟ್ಟರು. ಹುಟ್ಟಿದಾಗಿನಿಂದ ಅವನನ್ನು ಗದರುವ ಸಂದರ್ಭವೇ ಬಂದಿರಲಿಲ್ಲವಂತೆ.

ನಾನು ಆರೋಗ್ಯವಾಗಿದ್ದೇನೆ, ಹಳೆಯ ಕನ್ನಡಕದಲ್ಲೇ ಕೆಲಸ ಸಾಗಿದೆ. ಮಗಳನ್ನು ನೀವು ನೋಡಿಕೊಂಡಿದ್ದರಿಂದ ತಾನೇ ನಾನು ಇಷ್ಟು ವರ್ಷ ಇಲಿಗಳ ಹಿಂದೆ ಬೀಳಲು ಸಾಧ್ಯವಾದದ್ದು? ಕಾರ್ಡು ತುಂಬಿತು. ಆ ಒದೆಯಲ್ಲಿ ಅರ್ಧ ಪಾಲು ನಿಮ್ಮದು.

ನಿಮ್ಮ ಸೊಸೆ