ಮಂಡಿನೋವಿನ ಪುಡಿಯ ಡಬ್ಬಿ

ಅಪ್ಪಾ,

ಲ್ಯಾಬಿಗೆ ಹೊರಟೆ. ಹಾಲು ಕಾಯಿಸಿಟ್ಟಿದ್ದೇನೆ, ಆರಿದ ಮೇಲೆ ಬೆಕ್ಕಿಗೆ ಸಿಗದಂತೆ ಮುಚ್ಚಿಡಿ.

ನಿಮ್ಮ ಮಂಡಿನೋವಿನ ಪುಡಿಯಲ್ಲಿ ಚೂರು ಪೊಟ್ಟಣ ಕಟ್ಟಿಕೊಂಡು ಪರೀಕ್ಷೆಗೆ ಒಯ್ಯುತ್ತಿದ್ದೇನೆ. "ಬರೀ ಬೇರು-ನಾರು ಕಣೇ" ಅಂತ ಮತ್ತೆ ಶುರು ಮಾಡಬೇಡಿ. ವರ್ಷಗಟ್ಟಲೆ ಕಾಡಿದ ನೋವು ವಾರದಲ್ಲಿ ಮಾಯವಾದಾಗಲೇ ನನಗೆ ಅನುಮಾನ ಬಂದಿತ್ತು. ಅದರಲ್ಲಿ ಸ್ಟೆರಾಯ್ಡ್ ಬೆರೆಸಿರಬೇಕು. ಅದು ಸ್ನಾಯುವಿನ ಕಣದೊಳಗೆ ಹೊಕ್ಕು, ಮಾಂಸ ಕರಗಿಸುವ ಜೀನುಗಳನ್ನು ಎಬ್ಬಿಸುತ್ತದೆ, ಕಟ್ಟುವ ಜೀನುಗಳನ್ನು ಮಲಗಿಸುತ್ತದೆ. ಅದರಿಂದಲೇ ಮುಖ ಊದಿಕೊಂಡಿದ್ದನ್ನು ಆರೋಗ್ಯ ಅಂದುಕೊಂಡು ನೀವು ಕನ್ನಡಿ ಬಿಡುತ್ತಿಲ್ಲ. ತೊಡೆ ಎಷ್ಟು ಸೊರಗಿದೆ ನೋಡಿಕೊಂಡಿದ್ದೀರಾ? ಕುರ್ಚಿಯಿಂದ ಏಳಲು ಮೇಜಿಗೆ ಕೈ ಊರುವುದು ನನಗೆ ಕಾಣುವುದಿಲ್ಲವೇ?

ಸಿಟ್ಟಿಗೆ ಪುಡಿ ಚೆಲ್ಲಬೇಡಿ. ಸ್ಟೆರಾಯ್ಡ್ ಆಗಿದ್ದರೆ ಥಟ್ಟನೆ ನಿಲ್ಲಿಸುವುದು ಇನ್ನೂ ಅಪಾಯ. ಸಂಜೆ ಡಾಕ್ಟರ ಹತ್ತಿರ ಹೋಗೋಣ, ಅವರು ಹೇಳಿದ ಹಾಗೆ ಸ್ವಲ್ಪಸ್ವಲ್ಪವಾಗಿ ಇಳಿಸೋಣ. ಪುಡಿ ತಂದುಕೊಟ್ಟ ನಿಮ್ಮ ವಾಕಿಂಗ್ ಗೆಳೆಯರಿಗೆ ಈಗಲೇ ಫೋನ್ ಮಾಡಬೇಡಿ. ಬೆಳ್ಳಗಿರುವುದೆಲ್ಲ ಹಾಲು ಅಂತ ನಂಬುವವರು ನೀವು, ಅವರು ಎರಡು ಮಾತಾಡಿದರೆ ಕರಗಿಬಿಡುತ್ತೀರಿ.

ಇನ್ನೊಂದು ವಿಷಯ. ಎಷ್ಟು ಬೈದರೂ ನೀವು ಪುಡಿ ತೆಗೆಯುವುದು ಬೆರಳಲ್ಲೇ. ಹಾಗಾದರೆ ಡಬ್ಬಿಯೊಳಗೆ ಸಿಕ್ಕಿದ ಆ ಪುಟ್ಟ ಚಮಚ ಯಾರದ್ದು? ಅಮ್ಮನ ಮುಖ ಈಚೆಗೆ ದುಂಡಗಾಗಿದೆ ಅಂತ ನಾವೆಲ್ಲ ಖುಷಿಪಟ್ಟೆವಲ್ಲ.

ಅವಳನ್ನು ಕೇಳಬೇಡಿ, ಇಲ್ಲ ಅಂದುಬಿಡುತ್ತಾಳೆ. ನೆಲದಿಂದ ಏಳುವಾಗ ಗೋಡೆ ಹಿಡಿಯುತ್ತಾಳಾ, ಅಷ್ಟು ನೋಡಿ.