ಮೂಲೆಯ ಸಣ್ಣಕ್ಷರ

ದುಂಡಸಿ
೨೩ ನವೆಂಬರ್ ೨೦೨೫

ಪ್ರೀತಿಯ ನೇತ್ರಾ,

ನಾವು ಇಲ್ಲಿ ಆರಾಮ ಇದ್ದೇವೆ. ನೀನೂ ಹಾಗೆಯೇ ಇದ್ದೀಯೆಂದು ನಂಬಿದ್ದೇನೆ. ದೀಪಾವಳಿಗೆ ನೀನು ಕಳಿಸಿದ ಮೆಸೇಜು, ಆಮೇಲೆ ಮಾಡಿದ ಫೋನು, ಯಾವುದಕ್ಕೂ ನನ್ನಿಂದ ಉತ್ತರ ಬಂದಿಲ್ಲ. ಸಿಟ್ಟಾಗಿರುತ್ತೀ. ಆಗು, ಆದರೆ ಈ ಕಾಗದ ಓದಿ ಮುಗಿಯುವವರೆಗೆ ತಡೆ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ ಎಂಬುದು ನಿನಗೆ ಹೊಸದಲ್ಲ. ಧಾರವಾಡದ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದರೂ ಹೇಳಬೇಕಾದದ್ದನ್ನು ಚೀಟಿ ಬರೆದು ನಿನ್ನ ದಿಂಬಿನ ಕೆಳಗಿಡುತ್ತಿದ್ದವಳು ನಾನು. ಇದೂ ಅಂಥದೇ ಚೀಟಿ, ಸ್ವಲ್ಪ ಉದ್ದವಾಗಿದೆ ಅಷ್ಟೆ.

ನಿನ್ನ ಕೆಲಸ ಹೇಗಿದೆ? ಹುಬ್ಬಳ್ಳಿಯ ಪತ್ರಿಕಾ ಕಚೇರಿಯಲ್ಲಿ ‘ವಿಶೇಷ ಪುಟ’ಗಳ ವಿಭಾಗ ಕೊಟ್ಟಿದ್ದಾರೆಂದು ನೀನು ಹೇಳಿದ್ದೆ. ಹಿರೇಕೆರೂರಿಗೆ ಹೋಗಿ ನಿಮ್ಮ ಅವ್ವನನ್ನು ನೋಡಿ ಬಂದೆಯಾ? ನಾನು ಬಂಕಾಪುರದ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಸೇರಿದ್ದೇನೆ. ಮಕ್ಕಳೆದುರು ಮಾತಾಡಲು ರೂಢಿಯಾಗಿದೆ. ಸ್ಟಾಫ್ ರೂಮಿನಲ್ಲಿ ಮಾತ್ರ ಇನ್ನೂ ಕಿಟಕಿಯ ಪಕ್ಕದ ಕುರ್ಚಿಯೇ ನನ್ನದು.

ಅಪ್ಪ ಗಟ್ಟಿಯಾಗಿದ್ದಾನೆ. ಗೋವಿನಜೋಳದ ರಾಶಿ ಮುಗಿಯಿತು. ದಿನಾ ಬೆಳಗ್ಗೆ ಡೇರಿಯ ಮೆಟ್ಟಿಲ ಮೇಲೆ ಕೂತು ಪೇಪರು ಓದುವುದನ್ನು ಬಿಟ್ಟಿಲ್ಲ. ನೀನು ನಮ್ಮೂರಿಗೆ ಬಂದಾಗ ಆ ಡೇರಿಯನ್ನು ನೋಡಿದ್ದೀ. ಹಾಲು ಹಾಕಲು ಬಂದವರು ಕ್ಯಾನು ಹಿಡಿದು ಸಾಲಾಗಿ ನಿಂತಿರುತ್ತಾರೆ. ಸೆಕ್ರೆಟರಿ ಮಾಲತೇಶ ಒಬ್ಬೊಬ್ಬರ ಹಾಲಿಗೂ ಗಾಜಿನ ಕೊಳವೆ ಇಳಿಬಿಟ್ಟು ಡಿಗ್ರಿ ನೋಡುತ್ತಾನೆ. ನೀರು ಬೆರೆತಿದ್ದರೆ ಕೊಳವೆ ಆಳಕ್ಕೆ ಇಳಿದು ಎಲ್ಲರೆದುರು ಗುಟ್ಟು ರಟ್ಟಾಗುತ್ತದೆ. ಶಿಗ್ಗಾಂವಿಯ ಮೊದಲ ಬಸ್ಸಿನವರು ಪೇಪರು ಎಸೆದು ಹೋದ ಮೇಲೆ ಅಪ್ಪನ ದನಿ ಶುರು. ಸಾಲಿನಲ್ಲಿ ಓದಲು ಬರುವವರೇ ಹೆಚ್ಚು. ಆದರೆ ಅವರ ಕೈಯಲ್ಲಿ ಕ್ಯಾನಿರುತ್ತದೆ, ಕಿವಿ ಖಾಲಿ ಇರುತ್ತದೆ. ಹೀಗಾಗಿ ನಮ್ಮೂರಿಗೆ ಪೇಪರು ಎಂದರೆ ಕಣ್ಣಿನದಲ್ಲ, ಅಪ್ಪನ ಗಂಟಲಿನದು. ಅವನು ತಲೆಬರಹದಿಂದ ಓದಲು ತೊಡಗುತ್ತಾನೆ. ಅದಕ್ಕೂ ಮೇಲಿನ ಗೆರೆಯಲ್ಲಿ ತಾರೀಖು, ಪುಟದ ಸಂಖ್ಯೆ ಇರುತ್ತವೆ. ಅದನ್ನು ಯಾರು ಗಟ್ಟಿಯಾಗಿ ಓದುತ್ತಾರೆ?

ದಸರೆ ಮುಗಿದ ಹೊಸತರಲ್ಲಿ ಒಂದು ಬೆಳಗ್ಗೆ ನಾನೂ ಕ್ಯಾನು ಹಿಡಿದು ಸಾಲಿನಲ್ಲಿದ್ದೆ. ಅಪ್ಪ ಅರ್ಧ ಪುಟದ ಒಂದು ಬರಹ ಓದಿದ. ‘ಸಕ್ಕರೆ ಕಾಯಿಲೆಗೆ ಸೆಡ್ಡು ಹೊಡೆದ ಹಳ್ಳಿಯ ತಾಯಿ.’ ಹಾನಗಲ್ಲ ಕಡೆಯ ಒಬ್ಬ ತಾಯಿಯ ಕಥೆ ಅದು. ಆಕೆ ಮನೆಯವರ ಕಣ್ಣು ತಪ್ಪಿಸಿ ಕುಸುಬಿಯ ಡಬ್ಬಿಯಲ್ಲಿ ಬೆಲ್ಲದ ಚೂರು ಬಚ್ಚಿಡುತ್ತಿದ್ದಳಂತೆ. ಸಿಕ್ಕಿಬಿದ್ದರೆ, ‘ನಾ ತಿನ್ನಾಕಲ್ಲ, ಇರುವಿಗೆ ಇಟ್ಟೇನಿ’ ಎನ್ನುತ್ತಿದ್ದಳಂತೆ. ಡೇರಿಯೆಲ್ಲ ನಕ್ಕಿತು. ಅಪ್ಪ ಅಲ್ಲಿ ನಿಲ್ಲಿಸಿ, ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿಕೊಂಡು ಮುಂದೆ ಓದಿದ. ಆ ತಾಯಿ ಒಂದು ಕಂಪನಿಯ ಬೇರಿನ ಪುಡಿ ಕುಡಿದು, ಗುಳಿಗೆಗಳನ್ನು ತಿಪ್ಪೆಗೆಸೆದು, ಈಗ ಒಬ್ಬಳೇ ಸವಣೂರಿನ ಸಂತೆಗೆ ಹೋಗಿ ವೀಳ್ಯದೆಲೆ ಆರಿಸಿ ತರುತ್ತಾಳಂತೆ. ಪುಡಿಯ ಹೆಸರು ನಾನು ಬರೆಯುವುದಿಲ್ಲ. ಬರೆದರೆ ನಾನೂ ಪುಕ್ಕಟೆ ಪ್ರಚಾರ ಮಾಡಿದಂತಾಗುತ್ತದೆ.

“ಕರಬಸಣ್ಣ, ಆ ಪುಡಿ ನಮ್ಮ ಎಮ್ಮಿಗೂ ಹಾಕ್ಲೇನು? ಡಿಗ್ರಿ ಏರ್ತೈತೇನು?” ಎಂದು ನಬೀಸಾಬ ಅಪ್ಪನನ್ನು ಕೇಳಿದ.

“ಎಮ್ಮಿಗೆ ಬ್ಯಾಡೋ ಕಾಕಾ, ನಿಮ್ಮನಿ ನಳಕ್ಕ ಹಾಕು,” ಎಂದ ಮಾಲತೇಶ.

ಎಲ್ಲರಿಗಿಂತ ಜೋರಾಗಿ ನಕ್ಕವಳು ಹಾಲವ್ವ. ಅವಳನ್ನು ನೀನು ಮರೆತಿರಲಾರೆ. ನಮ್ಮ ಹಿತ್ತಲ ಗೋಡೆಯ ಆಚೆ ಅವಳ ಮನೆ. ಅವ್ವ ಸಕ್ಕರೆ ಕಾಯಿಲೆಯಿಂದ ತೀರಿಕೊಂಡ ಮೇಲೆ ನನಗೆ ಹೆರಳು ಹಾಕಿದವಳು, ಕಾಲೇಜಿಗೆ ರೊಟ್ಟಿ ಕಟ್ಟಿಕೊಟ್ಟವಳು ಅವಳೇ. ನಾನು ಚಿಗವ್ವ ಎನ್ನುತ್ತೇನೆ. ಅವಳಿಗೂ ಸಕ್ಕರೆ ಕಾಯಿಲೆ ಇದೆ. ಶಿಗ್ಗಾಂವಿಯ ಆಸ್ಪತ್ರೆಯ ಗುಳಿಗೆಯ ಮೇಲೆ ಚೆನ್ನಾಗಿಯೇ ಇದ್ದಳು.

ದೀಪಾವಳಿ ಕಳೆದ ಮೇಲೆ ಅವಳು ಕುಂಟುತ್ತಿರುವುದು ಕಂಡಿತು. ಹೊಲದಲ್ಲಿ ಜೋಳದ ಕೂಳೆ ಚುಚ್ಚಿತ್ತಂತೆ. ನಾನು ಅವಳ ಮನೆಗೆ ಹೋಗಿ ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿದೆ. ಗಾಯ ಮಾಯುವ ಲಕ್ಷಣವೇ ಇರಲಿಲ್ಲ. ದೇವರ ಗೂಡಿನಲ್ಲಿ ಗುಳಿಗೆಯ ಹಾಳೆಗಳು ಒಂದೂ ಒಡೆಯದೆ ಹಾಗೆಯೇ ಇದ್ದವು.

“ಗುಳಿಗಿ ಯಾಕ ಬಿಟ್ಟಿ ಚಿಗವ್ವ?”

“ಅಳಿಯಾ ಸವಣೂರಿಂದ ಆ ಪುಡಿ ತಂದು ಕೊಟ್ಟಾನ. ಅದನ್ನ ಕುಡ್ಯಾಕತ್ತೇನಿ.”

“ಪೇಪರಿನಾಗ ಬಂದದ್ದೆಲ್ಲಾ ಖರೇ ಇರೂದಿಲ್ಲ.”

“ಹುಚ್ಚಿ! ಇಷ್ಟ ವರ್ಷ ನಿಮ್ಮಪ್ಪ ಓದಿದ್ದರಾಗ ಯಾವುದು ಸುಳ್ಳಾಗೇತಿ ಹೇಳು? ಮತ್ತ ಆ ಹೆಣ್ಮಗಳು ಇರುವಿಗೆ ಬೆಲ್ಲಾ ಇಟ್ಟೇನಿ ಅಂದ್ಲಲ್ಲ, ಅಂಥಾ ಮಾತನ್ನ ಕುರ್ಚಿ ಮ್ಯಾಲೆ ಕುಂತಾವ್ರು ಹುಟ್ಟಿಸಿ ಬರೀತಾರೇನು? ಅದು ಬಾಳೇವು ಮಾಡಿದ ಹೆಣ್ಮಗಳ ಮಾತು.”

ಆಸ್ಪತ್ರೆಗೆ ಹೋಗೋಣವೆಂದೆ, ಬೇಡಿಕೊಂಡೆ, ಅತ್ತುಬಿಟ್ಟೆ. “ನಿಮ್ಮಪ್ಪ ಹೇಳ್ಲಿ, ಬರ್ತೇನಿ,” ಎಂದಳು.

ಮನೆಗೆ ಬಂದು ಹಳೆಯ ಪೇಪರುಗಳ ರಾಶಿಯಿಂದ ಆ ಪುಟ ಹುಡುಕಿ ತೆಗೆದೆ. ಎರಡು ವರ್ಷ ಧಾರವಾಡದ ತರಗತಿಯಲ್ಲಿ ನಾವಿಬ್ಬರೂ ಕೂತು ಬರಹದ ಹಿಂದೆ ಬರೆದವರನ್ನು ಹುಡುಕುವುದನ್ನೇ ಕಲಿತಿದ್ದೆವಲ್ಲ, ಆ ಓದನ್ನು ಮೊದಲ ಸಲ ಒಂದು ಜೀವಕ್ಕಾಗಿ ಓದಿದೆ. ವರದಿಗಾರನ ಹೆಸರಿಲ್ಲ. ಆ ತಾಯಿಯ ಹೆಸರಿಲ್ಲ, ಊರಿಲ್ಲ. ಯಾವ ಡಾಕ್ಟರೂ ಹೌದೆಂದಿಲ್ಲ, ಅಲ್ಲವೆಂದೂ ಇಲ್ಲ. ಪುಡಿಯ ಹೆಸರು ಮಾತ್ರ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಒಂದು ಫೋನ್ ನಂಬರು. ಅಕ್ಷರವೂ ಪಕ್ಕದ ಸುದ್ದಿಯ ಅಕ್ಷರಕ್ಕಿಂತ ತುಸು ಬೇರೆ. ಮೇಲೆ, ತಾರೀಖಿನ ಗೆರೆಯ ಪಕ್ಕ, ಮೂಲೆಯಲ್ಲಿ, ಬೂದು ಬಣ್ಣದಲ್ಲಿ ‘ಪ್ರಾಯೋಜಿತ ಬರಹ’ ಎಂದಿತ್ತು. ಅಪ್ಪ ಎಂದೂ ಓದದ ಜಾಗ ಅದು.

ಅಪ್ಪನಿಗೆ ತೋರಿಸಿದೆ. ಪೇಪರನ್ನು ಬಾಗಿಲ ಬೆಳಕಿಗೆ ಹಿಡಿದ. “ಪ್ರಾಯೋಜಿತ ಅಂದ್ರ?”

“ರೊಕ್ಕಾ ಕೊಟ್ಟು ಹಾಕಿಸಿದ್ದು ಅಪ್ಪಾ. ಜಾಹೀರಾತು.”

“ಹಂಗಂತ ನೆಟ್ಟಗ ಬರೀಬೇಕಿಲ್ಲೋ ಮತ್ತ? ಇಷ್ಟ ಸಣ್ಣಕ್ಷರ ಯಾರಿಗೆ ಬರದಾರ, ಇರುವಿಗೆ?” ಎಂದವನು ಅಡುಗೆಮನೆಯ ಕಡೆ ನೋಡಿದ. ಹಾಲವ್ವ ಗುಳಿಗೆ ಬಿಟ್ಟಿರುವುದನ್ನು ಹೇಳಿದೆ. ಅವನು ಪೇಪರು ಮಡಚಿ ನನ್ನ ಕೈಗಿಟ್ಟು ದನಗಳ ಕಡೆ ನಡೆದ.

ಮರುದಿನ ಡೇರಿಯಲ್ಲಿ ಪೇಪರು ಬಂತು. ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. “ಇವತ್ತ ಕನ್ನಡಕ ಮರತೇನಿ,” ಎಂದ. ಕನ್ನಡಕ ಅವನ ಕಿಸೆಯಲ್ಲೇ ಕಾಣುತ್ತಿತ್ತು. ಊರ ಮುಂದೆ ತಾನು ಓದಿದ್ದು ತಪ್ಪೆಂದು ಹೇಳಲು ಅವನಿಗೆ ಆಗಲಿಲ್ಲ. ಸಾಲಿನಲ್ಲಿ ಹಾಲವ್ವ ಒಂದು ಕಾಲು ಎತ್ತಿ ನಿಂತಿದ್ದಳು. ಆ ಕಾಲು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಕ್ಯಾನು ಕೆಳಗಿಟ್ಟೆ, ಮುಚ್ಚಳ ಉರುಳಿಹೋಯಿತು. “ನಾ ಓದ್ತೇನ್ರಿ,” ಎಂದೆ.

ಹಳೆಯ ಪುಟ ಬಿಚ್ಚಿ ಮೂಲೆಯಿಂದಲೇ ಓದಿದೆ. “ಪ್ರಾಯೋಜಿತ ಬರಹ. ಅಂದ್ರ ಕಂಪನಿಯವ್ರು ರೊಕ್ಕಾ ಕೊಟ್ಟು ಹಾಕಿಸಿದ್ದು. ಅವತ್ತ ಓದಿದ್ದು ಸುದ್ದಿ ಅಲ್ರಿ, ಜಾಹೀರಾತು.” ನನ್ನ ದನಿ ನನಗೇ ಬೇರೆ ಯಾರದೋ ಅನಿಸುತ್ತಿತ್ತು.

ಮೊದಲು ಬಾಯಿ ಬಿಟ್ಟವಳು ಹಾಲವ್ವ. “ಮಂದಿ ಮುಂದ ಅಪ್ಪನ ಮಾನಾ ಕಳೀಲಿ ಅಂತ ನಿನ್ನ ಸಾಲಿ ಕಲಿಸ್ಯಾರೇನು?”

ಆಗ ಅಪ್ಪ ಎದ್ದು ನಿಂತ. “ಆಕಿನ್ನ ಬೈಬ್ಯಾಡ ಹಾಲವ್ವ. ಆಕಿ ಓದಿದ್ದು ಖರೇ ಐತಿ. ನಾನ ಮ್ಯಾಲಿನ ಗೆರಿ ಬಿಟ್ಟು ಓದಿದ್ದೆ. ನೀ ಗುಳಿಗಿ ತಗೋ. ಇವತ್ತ ಶಿಗ್ಗಾಂವಿಗೆ ಹೋಗು.”

ಮಾಲತೇಶನ ಕೈಯಲ್ಲಿ ಗಾಜಿನ ಕೊಳವೆ ಹಾಗೇ ಇತ್ತು. “ನಮ್ಮ ಹಾಲಿಗೆ ದಿನಾ ಡಿಗ್ರಿ ನೋಡ್ತೇವಿ. ಇದಕ್ಕ ಯಾರೂ ನೋಡ್ಲಿಲ್ಲ ನೋಡ್ರಿ,” ಎಂದ.

“ನೋಡೂದೇನೈತೋ, ಇದರಾಗ ಹಾಲ ಇಲ್ಲ, ಬರೇ ನೀರ,” ಎಂದ ನಬೀಸಾಬ.

“ಹಾಲೂ ಐತಿ ಕಾಕಾ,” ಎಂದೆ. ಮೆಲ್ಲಗೆ ಅಂದೆ, ಯಾರಿಗೂ ಕೇಳಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಗಾಯ ತೊಳೆದು, ಸಕ್ಕರೆ ನೋಡಿ, ಹಾಲವ್ವನಿಗೆ ಚೆನ್ನಾಗಿ ಬೈದರು. ಇನ್ನೂ ತಡವಾಗಿದ್ದರೆ ಕಾಲ್ಬೆರಳು ತೆಗೆಯಬೇಕಾಗುತ್ತಿತ್ತಂತೆ. ಈಗ ಗಾಯ ಒಣಗುತ್ತಿದೆ, ಮೊನ್ನೆಯಿಂದ ಚಪ್ಪಲಿ ಹಾಕುತ್ತಿದ್ದಾಳೆ. ಅಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ದುಂಡಸಿಯಲ್ಲಿ ಇಳಿಯುವಾಗ ನನ್ನ ಹೆಗಲು ಹಿಡಿದು, “ನಿನ್ನ ದನಿ ಇಷ್ಟ ದೊಡ್ಡದೈತಿ ಅಂತ ನನಗ ಗೊತ್ತಿರ್ಲಿಲ್ಲ ಬಿಡು,” ಎಂದಳು. ಅಷ್ಟರಲ್ಲೇ ಎಲ್ಲ ಬಂದಿತ್ತು.

ಆಮೇಲೆ ಕೆಲವು ದಿನ ಇಲ್ಲಿ ಬೇರೆಯೇ ಗೋಳು. ಯಾವುದನ್ನು ಓದಿದರೂ ಸಾಲಿನಿಂದ “ಮೂಲಿ ಓದೋ ಮೂಲಿ” ಎಂಬ ಕೂಗು. ಹಾನಗಲ್ಲಿನ ಬಸ್ಸಿನ ಸಮಯ ಬದಲಾಗಿದೆ ಎಂಬ ಸುದ್ದಿ ಬಂದರೆ ನಬೀಸಾಬ, “ಇದೂ ರೊಕ್ಕಾ ಕೊಟ್ಟು ಹಾಕಿಸಿದ್ದ ಇರಬೇಕು,” ಎಂದು ತಳ್ಳಿಹಾಕಿದ. ಮರುದಿನ ಮಗಳ ನಿಶ್ಚಯಕ್ಕೆಂದು ಬೀಗರ ಮನೆಗೆ ಹೊರಟವನು ಬಂಕಾಪುರದಲ್ಲಿ ಬಸ್ಸು ತಪ್ಪಿಸಿಕೊಂಡು ಬಿಸಿಲಲ್ಲಿ ಕೂತ. “ಎಲ್ಲಾದಕ್ಕೂ ನೀರು ಅಂದ್ರ ಹಾಲು ಎಲ್ಲಿಂದ ಬರಬೇಕೋ?” ಎಂದು ಅಪ್ಪ ಅವನನ್ನು ಇನ್ನೂ ಕಾಡುತ್ತಾನೆ. ಈಗ ಅಪ್ಪ ಮೂಲೆಯನ್ನೂ ಓದುತ್ತಾನೆ, ಬರೆದವರ ಹೆಸರನ್ನೂ ಓದುತ್ತಾನೆ. ಹೆಸರಿಲ್ಲದಿದ್ದರೆ ಹೆಸರಿಲ್ಲ ಎಂದು ಗಟ್ಟಿಯಾಗಿ ಹೇಳುತ್ತಾನೆ. “ಯಾರೂ ಒಲ್ಲೆ ಅನ್ನದ ಸುದ್ದಿ ಸುದ್ದೀನ ಅಲ್ಲ,” ಎಂಬುದು ನಬೀಸಾಬನ ಹೊಸ ಶೋಧ. ಒಂದು ನೀರಾವರಿ ವರದಿಯಲ್ಲಿ ರೈತರು, ಎಂಜಿನಿಯರು, ಗುತ್ತಿಗೆದಾರ ಮೂವರೂ ಜಗಳಾಡಿದ್ದು ಬಂದಾಗ ಡೇರಿಯೇ ಚಪ್ಪಾಳೆ ತಟ್ಟಿತು. ಕೆಳಗಿದ್ದ ವರದಿಗಾರನ ಹೆಸರನ್ನು ಅಪ್ಪ ಎರಡು ಸಲ ಓದಿದ. ಒಳ್ಳೆಯ ವರದಿಗಾರರು ಇನ್ನೂ ಇದ್ದಾರೆಂದು ಇಲ್ಲಿನವರಿಗೆ ಗೊತ್ತಾಗುತ್ತಿದೆ ನೇತ್ರಾ, ಅದೇ ನನಗೆ ಸಮಾಧಾನ.

ಶಾಲೆಯಲ್ಲಿಯೂ ಮಕ್ಕಳಿಗೆ ಒಂದೇ ಪುಟ ಕೊಟ್ಟು ಯಾವುದು ಸುದ್ದಿ, ಯಾವುದು ಸುದ್ದಿಯ ವೇಷ ಎಂದು ಹುಡುಕಿಸುತ್ತೇನೆ. ಅವು ನನಗಿಂತ ಚುರುಕು.

ಚಳಿ ಬಿದ್ದಿದೆ, ಎದೆಗೆ ಬೆಚ್ಚಗೆ ಹೊದ್ದುಕೋ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಹೆಸರು ಹಾಕಿಕೊಂಡು ಬರೆಯುವ ದಿನ ನಿನಗೆ ಬೇಗ ಬರಲಿ, ಅದನ್ನು ಅಪ್ಪ ಡೇರಿಯಲ್ಲಿ ಗಟ್ಟಿಯಾಗಿ ಓದುವಂತಾಗಲಿ. ನಿಮ್ಮ ಅವ್ವನಿಗೆ ನನ್ನ ನಮಸ್ಕಾರ.

ನಿನ್ನ
ತನುಜಾ

ಇನ್ನೊಂದು ಮಾತು: ‘ಇರುವಿಗೆ ಇಟ್ಟೇನಿ’ ಎಂದದ್ದು ನನ್ನ ಅವ್ವ. ನಮ್ಮ ಅಡುಗೆಮನೆಯೊಳಗಿನ ಮಾತು ಅದು, ಹಿತ್ತಲ ಗೋಡೆ ದಾಟಿ ಹಾಲವ್ವನವರೆಗೂ ಹೋಗಿರಲಿಲ್ಲ. ಕುಸುಬಿಯ ಡಬ್ಬಿಯೂ ಅವ್ವನದೇ. ಹಾಸ್ಟೆಲಿನಲ್ಲಿ ಒಂದು ಸಂಜೆ ನಿನಗೊಬ್ಬಳಿಗೇ ಹೇಳಿದ್ದೆ. ಹಾಗಾಗಿ ಆ ಅರ್ಧ ಪುಟ ಬರೆದವಳು ನೀನೆಂದು, ಅಪ್ಪ ಓದುತ್ತಿದ್ದಾಗಲೇ ನನಗೆ ಗೊತ್ತಾಯಿತು. ನಿನ್ನ ಫೋನು ಎತ್ತದೆ ಇದ್ದದ್ದು ಅದಕ್ಕೇ. ಇಡೀ ಬರಹದಲ್ಲಿ ನಿಜವಾದದ್ದು ಅದೊಂದೇ, ಹಾಲವ್ವ ಗುಳಿಗೆ ಬಿಟ್ಟದ್ದೂ ಅದೊಂದನ್ನು ನಂಬಿ. ಕಚೇರಿಯವರು ಹೇಳಿದ್ದನ್ನು ನೀನು ಬರೆದಿರುತ್ತೀ, ತಿಳಿಯುತ್ತದೆ. ಸಿಟ್ಟು ಬಂದಿತ್ತು, ಈಗ ಇಳಿದಿದೆ. ಇಳಿಯದೆ ಉಳಿದದ್ದು ಬೇರೆ. ಅವ್ವ ಸವಣೂರಿನ ಸಂತೆಯಲ್ಲಿ ಎಲೆ ಆರಿಸುತ್ತ ನಿಂತಿದ್ದಾಳೆಂದು, ಕ್ಯಾನು ಹಿಡಿದುಕೊಂಡಿದ್ದ ನಾನೂ ಒಂದು ಗಳಿಗೆ ನಂಬಿಬಿಟ್ಟೆ.

ನಿನ್ನೆ ಊಟಕ್ಕೆ ಕೂತಾಗ ಅಪ್ಪ ಕೇಳಿದ: “ಅದು ಜಾಹೀರಾತು, ಆತು. ಆದ್ರ ಆ ಹೆಣ್ಮಗಳು ಖರೇನ ಅದಾಳೇನು ತನೂ? ನಿಮ್ಮ ಅವ್ವನಂಗ ಇರುವಿಗೆ ಬೆಲ್ಲಾ ಇಡಾಕಿ ಇನ್ನೊಬ್ಬಾಕಿ ಎಲ್ಲ್ಯರ ಉಳದಿದ್ರ, ಒಂದ ಸಲ ಹೋಗಿ ನೋಡಿ ಬರೂಣು ಅನಸ್ತೈತಿ.” ನಾನು ಇನ್ನೊಂದು ರೊಟ್ಟಿ ಬಡಿಸಿದೆ. ಬರುವ ಭಾನುವಾರ ಶಿಗ್ಗಾಂವಿಯಿಂದ ಮೊದಲ ಬಸ್ಸಿಗೆ ಬಾ. ಅಪ್ಪನಿಗೆ ನೀನೇ ಹೇಳು. ನಾನು ನಿನ್ನ ಪಕ್ಕದಲ್ಲೇ ನಿಂತಿರುತ್ತೇನೆ.